ಟ್ಯೂಬ್‌ಲೈಟ್ ಕೆಳಗೆ ಓಡುವ ಪಟ್ಟಿಗಳು

ಪ್ರಶ್ನೆ: ಬಸವನಗುಡಿಯ ದರ್ಶಿನಿಯೊಂದರಲ್ಲಿ ಕಿರುಚಿತ್ರ ಶೂಟ್ ಮಾಡಿದೆವು. ಸೆಕೆಂಡಿಗೆ 30 ಫ್ರೇಮ್, ಶಟರ್ 1/60 ಸೆಕೆಂಡ್. ಟ್ಯೂಬ್‌ಲೈಟ್ ಇದ್ದ ಕಡೆಯಲ್ಲೆಲ್ಲ ಕಪ್ಪು ಪಟ್ಟಿಗಳು ಓಡುತ್ತಿವೆ. ಕ್ಯಾಮೆರಾ ಕೆಟ್ಟಿದೆಯೇ? ಬಿಸಿಲಿಗೆ ಯಾವ ಫಿಲ್ಟರ್ ಕೊಳ್ಳಲಿ?

ಉತ್ತರ: ಕ್ಯಾಮೆರಾ ಚೆನ್ನಾಗಿಯೇ ಇದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. 1/60ರ ಶಟರ್ ಈ ಲಯಕ್ಕೆ ಕೂಡುವುದಿಲ್ಲ. ಕ್ಯಾಮೆರಾ ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಸ್ ದೇಶಗಳ ವಿಡಿಯೋ ಪದ್ಧತಿ) ಇದ್ದರೆ ಪಾಲ್‌ಗೆ (50 ಹರ್ಟ್ಸ್‌ನ ಪದ್ಧತಿ) ಬದಲಿಸಿ, 25 ಫ್ರೇಮ್, ಶಟರ್ 1/50 ಇಡಿ. 24 ಫ್ರೇಮೇ ಬೇಕೆಂದರೂ ಶಟರ್ 1/50 ಇರಲಿ. ಡಿಮ್ಮರ್ ಹಾಕಿದ ಅಗ್ಗದ ಎಲ್‌ಇಡಿಗೆ ಇದೂ ಸಾಲದಿರಬಹುದು. ಡಿಮ್ಮರ್ ಪೂರ್ತಿ ಏರಿಸಿ, ಆಗದಿದ್ದರೆ ಬಲ್ಬನ್ನೇ ಬದಲಿಸಿ. ಶಾಟ್‌ಗೆ ಮುಂಚೆ ಬಿಳಿ ಗೋಡೆಯನ್ನು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿ. ಈಗಾಗಲೇ ತೆಗೆದದ್ದಕ್ಕೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಸ್ಟುಡಿಯೋದಲ್ಲಿರುವ, ಮಿನುಗು ತಗ್ಗಿಸುವ ಡಿಫ್ಲಿಕರ್ ಪ್ರಯತ್ನಿಸಿ. ಮುಖದ ಮೇಲಿನ ದಟ್ಟ ಪಟ್ಟಿ ಪೂರ್ತಿ ಹೋಗುವುದು ಕಷ್ಟ.

ಬಿಸಿಲಲ್ಲೂ ಶಟರ್ 1/50 ಇರಬೇಕೆಂದರೆ ಎನ್‌ಡಿ ಫಿಲ್ಟರ್ (ಬಣ್ಣ ಬದಲಿಸದೆ ಬೆಳಕು ತಗ್ಗಿಸುವ ಗಾಜು) ಬೇಕೇ ಬೇಕು. ನಡುಮಧ್ಯಾಹ್ನ ಐಎಸ್‌ಒ (ಸೆನ್ಸರ್‌ನ ಸಂವೇದನೆ) 800, ಲೆನ್ಸ್ ತೆರಪು ಎಫ್/4, ಶಟರ್ 1/50ಕ್ಕೆ ಸುಮಾರು 8 ಸ್ಟಾಪ್ ಕತ್ತರಿಸಬೇಕು; ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು. ಐಎಸ್‌ಒ 100ಕ್ಕೆ 5 ಸಾಕು. ತಿರುಗಿಸಿ ಕಪ್ಪು ಹೆಚ್ಚುಕಡಿಮೆ ಮಾಡುವ ಅಗ್ಗದ ವೇರಿಯಬಲ್ ಎನ್‌ಡಿಯನ್ನು ಕೊನೆಯವರೆಗೆ ತಿರುಗಿಸಿದರೆ ವೈಡ್ ಲೆನ್ಸ್‌ನಲ್ಲಿ ಅಡ್ಡಡ್ಡ ಕತ್ತರಿಯಾಕಾರದ ಕಪ್ಪು ನೆರಳು ಬೀಳುತ್ತದೆ. ನಿಮ್ಮ ಅತಿ ದೊಡ್ಡ ಲೆನ್ಸ್‌ನ ಅಳತೆಗೆ ಒಂದು ಒಳ್ಳೆಯ ಫಿಲ್ಟರ್ ಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ.