ಎಲೆ ಹಳದಿಯಾದರೆ ಎಲ್ಲಕ್ಕೂ ಬೋರ್ಡೋನಾ?

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಕಾಗದ:

"ನನಗೆ 52 ವರ್ಷ. ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್ ಶುರುವಾಗಿ 18 ವರ್ಷ ಆಯ್ತು. ಎರಡು ವರ್ಷದ ಹಿಂದೆ ಶುಗರ್ ಕೂಡ ಬಂತು. ಮೊನ್ನೆ ಮದುವೆ ಮನೆಯಲ್ಲಿ ಒಬ್ಬರು ಕರಪತ್ರ ಕೊಟ್ಟರು. ಎರಡಕ್ಕೂ ಮೂಲ ಒಂದೇ, ಉರಿಯೂತ. ಅದನ್ನು ಇಳಿಸುವ ಪುಡಿ ತಿಂದರೆ ಎರಡೂ ಹೋಗುತ್ತದೆ, ಮಾತ್ರೆ ಬಿಟ್ಟುಬಿಡಿ ಅಂತ ಅದರಲ್ಲಿದೆ. ನಿಜವಾ? ಮಗಳಿಗೆ 16. ಕತ್ತಿನ ಹಿಂದೆ ಕಪ್ಪಾಗುತ್ತಿದೆ, ಕಡಲೆಹಿಟ್ಟು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ. ನನ್ನ ಕಾಯಿಲೆ ಅವಳಿಗೂ ಬಂತಾ? ಹೆಸರು ಹಾಕಬೇಡಿ. ಇನ್ನೊಂದು, ಕಾಫಿಗೆ ಸಕ್ಕರೆ ಬಿಟ್ಟು ಜೋನಿಬೆಲ್ಲ ಹಾಕ್ತೀನಿ. ಅದು ಆಗುತ್ತಲ್ವಾ?"

ಸಂಪಾದಕರ ಉತ್ತರ:

ಹೆಸರು ಬೇಡ ಅಂದಿದ್ದೀರಿ, ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ನಾನು ಡಾಕ್ಟರಲ್ಲ. ಆದರೆ ನೀವು ಕಾಗದದ ಜೊತೆ ಕರಪತ್ರವನ್ನೂ, ಎರಡು ಚೀಟಿಗಳ ಜೆರಾಕ್ಸನ್ನೂ ಇಟ್ಟಿದ್ದಕ್ಕೆ ಒಳ್ಳೇದಾಯ್ತು. ಕರಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಸಿಟ್ಟು ಬರಿಸುವ ಸಂಗತಿ ಏನು ಗೊತ್ತಾ? ಅರ್ಧ ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸುತ್ತಿದ್ದೆ.

ಮೊದಲು ಉರಿಯೂತ ಅಂದರೇನು ನೋಡೋಣ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಬೆರಳಿಗೆ ತಾಗುತ್ತದೆ. ಮಾರನೇ ದಿನ ಅಲ್ಲಿ ಕೆಂಪು, ಬಿಸಿ, ಊತ, ನೋವು. ಸುಮಾರು 2,000 ವರ್ಷದ ಹಿಂದೆ ರೋಮ್‌ನ ಸೆಲ್ಸಸ್ ಎಂಬಾತ ಬರೆದಿಟ್ಟಿದ್ದೂ ಇದೇ ನಾಲ್ಕು ಗುರುತು. ಮೈ ತನ್ನನ್ನು ತಾನು ಕಾಯುವ ಕೆಲಸ ಅದು. ಗಾಯ ಮಾಯುತ್ತದೆ, ಕೆಲಸ ನಿಲ್ಲುತ್ತದೆ. ನಿಲ್ಲದೇ ಹೋದಾಗ ತಕರಾರು ಶುರು.

ಸೋರಿಯಾಸಿಸ್‌ನಲ್ಲಿ ಆಗುವುದು ಅದೇ. ಗಾಯವೂ ಇಲ್ಲ, ಕ್ರಿಮಿಯೂ ಇಲ್ಲ, ಆದರೂ ರಕ್ಷಣಾ ಕಣಗಳು ಚರ್ಮದೊಳಗೆ ಜಮಾಯಿಸಿ 'ಏಳಿ, ಏಳಿ' ಅಂತ ಕೂಗುತ್ತಲೇ ಇರುತ್ತವೆ. ಚರ್ಮದ ಕಣ ಬೆಳೆದು ಉದುರಲು ಸಾಮಾನ್ಯವಾಗಿ ನಾಲ್ಕು ವಾರ ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ನಾಲ್ಕೈದು ದಿನದಲ್ಲೇ ಮೇಲೆ ಬರುತ್ತವೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಕೂತರೆ ಏನಾಗುತ್ತೆ? ನಿಮ್ಮ ಮೊಣಕೈ ಮೇಲಿನ ಬಿಳಿ ಪದರು. ಅದು ಅಂಟುವ ರೋಗ ಅಲ್ಲ. ನಿಮ್ಮ ಕೈಯಡುಗೆ ಉಣ್ಣಲು ಹಿಂದೆಮುಂದೆ ನೋಡುವವರಿಗೆ ಈ ಪುಟ ಹರಿದು ಕೊಡಿ.

ಸೀಸನ್ನಿನಲ್ಲಿ ಅಡಿಕೆ ಸುಲಿದ ಮೇಲೆ ಬೆರಳ ಗೆರೆಯಲ್ಲೂ ಹೊಸದಾಗಿ ಎದ್ದಿದೆ ಅಂತ ಕಾಗದದ ಅಂಚಿನಲ್ಲಿ ಬರೆದಿದ್ದೀರಿ. ಅದು ಸುಮ್ನೆ ಆದದ್ದಲ್ಲ. ಸೋರಿಯಾಸಿಸ್ ಇರುವವರಿಗೆ ಗೀರಿದ, ಕೊಯ್ದ ಜಾಗದಲ್ಲೇ ಹೊಸ ಕಲೆ ಏಳುವುದುಂಟು. 19ನೇ ಶತಮಾನದಲ್ಲಿ ಜರ್ಮನಿಯ ಹೈನ್ರಿಕ್ ಕೋಬ್ನರ್ ಇದನ್ನು ಗುರುತಿಸಿದರು, ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ. ಈ ವರ್ಷ ಸುಲಿಯುವ ಕೆಲಸ ಬೇರೆಯವರಿಗೆ ಬಿಡಲು ಆದರೆ ಬಿಡಿ.

ಈಗ ಶುಗರ್ ವಿಷಯ. ಕರಪತ್ರದ ಅರ್ಧ ನಿಜ ಇರುವುದು ಇಲ್ಲಿ.

1876ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್ ಎಂಬ ವೈದ್ಯರು ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟು ನೋಡಿದರು. ಆಸ್ಪಿರಿನ್ ಮಾತ್ರೆಗೆ ಹತ್ತಿರದ ಸಂಬಂಧಿ ಅದು, ಉರಿಯೂತ ಇಳಿಸುವ ಮದ್ದು. ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಯಿತು. ಇನ್ಸುಲಿನ್ ಸಿಗಲು ಇನ್ನೂ 45 ವರ್ಷ ಬಾಕಿ ಇತ್ತು! ಆಮೇಲೆ ಆ ಮಾತು ಮೂಲೆಗೆ ಬಿತ್ತು. 1993ರಲ್ಲಿ ಅಮೆರಿಕದ ಹೋಟಾಮಿಸ್ಲಿಗಿಲ್, ಸ್ಪೀಗಲ್‌ಮನ್ ಮತ್ತವರ ಜೊತೆಗಾರರು ದಪ್ಪಗಾದ ಇಲಿಗಳ ಕೊಬ್ಬನ್ನು ಪರೀಕ್ಷಿಸಿದಾಗ ಟಿಎನ್‌ಎಫ್ ಎಂಬ ಉರಿಯೂತದ ವಸ್ತು ಅಲ್ಲಿ ಜಾಸ್ತಿ ಇತ್ತು. ಅದನ್ನು ತಡೆದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. 2003ರಲ್ಲಿ ಇನ್ನೆರಡು ತಂಡಗಳು ಕೊಬ್ಬಿನೊಳಗೆ ರಕ್ಷಣಾ ಕಣಗಳು ಬಂದು ಸೇರಿಕೊಂಡಿರುವುದನ್ನು ತೋರಿಸಿದವು. ಹೊಟ್ಟೆಯ ಕೊಬ್ಬು ಅಂದರೆ ಸುಮ್ಮನೆ ಕಟ್ಟಿಟ್ಟ ಮೂಟೆ ಅಲ್ಲ, ಅಲ್ಲೂ ಸಣ್ಣ ಉರಿಯಲ್ಲಿ ಏನೋ ಬೇಯುತ್ತಿರುತ್ತದೆ. ಕೆಂಪಿಲ್ಲ, ನೋವಿಲ್ಲ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ.

ಟಿಎನ್‌ಎಫ್ ನಿಮ್ಮ ಚರ್ಮದಲ್ಲೂ ಜಾಸ್ತಿ ಇರುತ್ತದೆ ಅಕ್ಕ. ಅಂದಮೇಲೆ ಅದನ್ನು ತಡೆದರೆ ಎರಡೂ ವಾಸಿಯಾಗಬೇಕು, ಅಲ್ವಾ? ಯಾರಿಗಾದರೂ ಹಾಗೇ ಅನ್ನಿಸುತ್ತೆ. ವಿಜ್ಞಾನಿಗಳಿಗೂ ಅನ್ನಿಸಿತ್ತು.

ಮನುಷ್ಯರ ಮೇಲೆ ಮಾಡಿ ನೋಡಿದರು. ಚರ್ಮದಲ್ಲಿ ಗೆದ್ದಿತು. ಟಿಎನ್‌ಎಫ್ ತಡೆಯುವ ಎಟಾನರ್ಸೆಪ್ಟ್ ಚುಚ್ಚುಮದ್ದಿಗೆ 2004ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಸಿಕ್ಕಿತು. ಶುಗರ್‌ನಲ್ಲಿ ಮಾತ್ರ ಸೋತಿತು. 1996ರಲ್ಲೇ ದಪ್ಪಗಿದ್ದ ಮಧುಮೇಹಿಗಳಿಗೆ ಟಿಎನ್‌ಎಫ್ ತಡೆಯುವ ಮದ್ದು ಕೊಟ್ಟು ನೋಡಿದ್ದರು, ಇನ್ಸುಲಿನ್ ಕೆಲಸದಲ್ಲಿ ಏನೂ ಫರಕು ಕಾಣಲಿಲ್ಲ. ಇಲಿಗೆ ಆದದ್ದು ಮನುಷ್ಯನಿಗೆ ಆಗಲಿಲ್ಲ. ಎಬ್‌ಸ್ಟೈನ್ ಅವರ ಹಳೇ ಮದ್ದಿನ ತಂಗಿಯಂತಿರುವ ಸಾಲ್ಸಲೇಟನ್ನು 48 ವಾರ ಕೊಟ್ಟ ಪ್ರಯೋಗದ ಫಲ 2013ರಲ್ಲಿ ಬಂತು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಇಳಿದದ್ದು 0.37ರಷ್ಟು. ನಿಮ್ಮದು 8.1 ಇದೆ. ಹಾಗೆ ಲೆಕ್ಕ ಹಾಕಿದರೆ 7.7ರ ಆಸುಪಾಸಿಗೆ ಬರುತ್ತಿತ್ತು, ಅಷ್ಟೇ. 2017ರ ಇನ್ನೊಂದು ಪ್ರಯೋಗ ದೊಡ್ಡದು, 10,000ಕ್ಕೂ ಹೆಚ್ಚು ಹೃದಯಾಘಾತ ಆದವರ ಮೇಲೆ ನಡೆದದ್ದು. ಕೆನಾಕಿನುಮ್ಯಾಬ್ ಎಂಬ ಉರಿಯೂತ ತಡೆಯುವ ಚುಚ್ಚುಮದ್ದು ಮತ್ತೆ ಹೃದಯಾಘಾತ ಆಗುವುದನ್ನು ಸ್ವಲ್ಪ ಕಡಿಮೆ ಮಾಡಿತು. ಶುಗರ್ ಇಲ್ಲದವರಿಗೆ ಅದು ಹೊಸದಾಗಿ ಬರುವುದನ್ನು ತಡೆಯಲಿಲ್ಲ.

ನಿಮ್ಮದು ಅಡಿಕೆ ತೋಟ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಕೊಳೆರೋಗಕ್ಕೆ ಮಳೆಗಾಲದ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಮೈಲುತುತ್ತ, ಸುಣ್ಣ, ಕೊಳೆಗೆ ಸರಿಯಾದ ಮದ್ದು. ಅದೇ ತೋಟದಲ್ಲಿ ಹಳದಿ ಎಲೆ ರೋಗ ಬಂದರೆ? ಎಷ್ಟು ಡ್ರಮ್ ಹೊಡೆದರೂ ಎಲೆ ಹಸಿರಾಗುವುದಿಲ್ಲ. ಮರ ಒಂದೇ, ಮರ ಸೊರಗುವುದೂ ಒಂದೇ ಥರ ಕಾಣಬಹುದು. ಒಳಗಿನ ಕಾರಣ ಬೇರೆ. ಶುಗರ್‌ನಲ್ಲೂ ಉರಿಯೂತ ಒಂದು ಎಳೆ ಮಾತ್ರ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕಣಗಳು ಸೋಲುವುದು, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುವುದು, ಮನೆತನದಿಂದ ಬರುವುದು, ಇವೆಲ್ಲ ಬೇರೆ ಎಳೆಗಳು.

ಹಾಗಂತ ಎರಡಕ್ಕೂ ನಂಟೇ ಇಲ್ಲ ಅಂತಲ್ಲ. ಸೋರಿಯಾಸಿಸ್ ಇರುವವರಲ್ಲಿ ಶುಗರ್ ಜಾಸ್ತಿ ಕಾಣುತ್ತದೆ, ಅದು ಹಲವು ದೇಶಗಳ ಲೆಕ್ಕದಲ್ಲಿ ಬಂದಿದೆ. 2006ರಲ್ಲಿ ಬ್ರಿಟನ್ನಿನ ಸುಮಾರು 1,30,000 ಸೋರಿಯಾಸಿಸ್ ರೋಗಿಗಳ ದಾಖಲೆ ನೋಡಿದಾಗ ಅವರಿಗೆ ಹೃದಯಾಘಾತದ ಅಪಾಯವೂ ಹೆಚ್ಚೆಂದು ಕಂಡಿತು. ತೀವ್ರ ರೋಗವಿದ್ದ ಚಿಕ್ಕ ವಯಸ್ಸಿನವರಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ಹಾಗಾಗಿ ಚರ್ಮದ ಡಾಕ್ಟರು ಬಿಪಿ, ಕೊಲೆಸ್ಟ್ರಾಲ್ ಕೇಳಿದರೆ 'ಇವರಿಗ್ಯಾಕೆ ಅದು' ಅನ್ನಬೇಡಿ. ತೂಕ ಇಳಿಸಿದರೆ? ಡೆನ್ಮಾರ್ಕ್‌ನಲ್ಲಿ 60 ಜನರ ಮೇಲೆ ನೋಡಿದ್ದಾರೆ. 16 ವಾರದಲ್ಲಿ ಸುಮಾರು 15 ಕೆಜಿ ಇಳಿದವರ ಚರ್ಮ ಸುಧಾರಿಸುವ ಹಾದಿಯಲ್ಲಿತ್ತು, ಆದರೆ ಖಚಿತ ಅಂತ ಹೇಳುವಷ್ಟು ದೊಡ್ಡ ವ್ಯತ್ಯಾಸ ಆಗಿರಲಿಲ್ಲ. ಶುಗರ್‌ಗಂತೂ ತೂಕ ಇಳಿಸುವುದು ಒಳ್ಳೆಯದೇ. ಅದಕ್ಕೆ ಪುಡಿ ಬೇಡ.

ಪುಡಿಯ ಬಗ್ಗೆ ನನಗಿರುವ ಹೆದರಿಕೆ ಬೇರೆ. ಅದರಲ್ಲಿ ಏನಿದೆ ಅಂತ ಕರಪತ್ರದಲ್ಲಿ ಒಂದಕ್ಷರ ಇಲ್ಲ. 'ಮೂರೇ ದಿನದಲ್ಲಿ ತುರಿಕೆ ಮಾಯ' ಅಂತಿದೆ. ಮೂರು ದಿನದಲ್ಲಿ ಮಾಯ ಮಾಡುವ ವಸ್ತು ನನಗೆ ಒಂದು ಗೊತ್ತು, ಸ್ಟೆರಾಯ್ಡ್. ಹೆಸರಿಲ್ಲದ ಪುಡಿಗಳಲ್ಲಿ ಅದನ್ನು ಬೆರೆಸಿ ಸಿಕ್ಕಿಬಿದ್ದ ಉದಾಹರಣೆಗಳು ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಹೊಟ್ಟೆಗೆ ಹೋದ ಸ್ಟೆರಾಯ್ಡ್ ಶುಗರ್ ಏರಿಸುತ್ತದೆ. ತಟ್ಟನೆ ಬಿಟ್ಟರೆ ಸೋರಿಯಾಸಿಸ್ ಕೆರಳಿ ಮೈತುಂಬ ಕೀವುಗುಳ್ಳೆ ಏಳಬಹುದು. ಈ ಪುಡಿಯಲ್ಲಿ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಇಲ್ಲ ಅಂತ ಮಾರುವವರು ಬರೆದು ಕೊಡಲಿ.

ನಾನೂ ಒಮ್ಮೆ ಮೂರು ದಿನದ ಮಾಯೆಗೆ ಬಿದ್ದವನೇ. ಒಂದು ಆಷಾಢದಲ್ಲಿ ಸೊಂಟದ ಹತ್ತಿರ ಎಂಟಾಣೆಯಷ್ಟು ಅಗಲ ಹುಳುಕಡ್ಡಿ ಎದ್ದಿತು. ಒದ್ದೆ ಬಟ್ಟೆ ಒಣಗದ ಕಾಲ, ಮಲೆನಾಡಿನವರಿಗೆ ಹೇಳಬೇಕಾ? ಡಾಕ್ಟರ ಹತ್ತಿರ ಹೋಗದೆ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಟ್ಯೂಬ್ ಕೊಟ್ಟರು. ತುರಿಕೆ ನಿಂತಿತು, ಖುಷಿಯಾಯ್ತು. ತಿಂಗಳಾಗುವಷ್ಟರಲ್ಲಿ ಅಂಗೈಯಷ್ಟಾಗಿ, ಅಂಚು ದಾರದಂತೆ ಸುತ್ತುತ್ತ ಬೆನ್ನಿಗೇರಿತ್ತು. ಆ ಟ್ಯೂಬಿನಲ್ಲಿ ಶಿಲೀಂಧ್ರದ ಮದ್ದಿನ ಜೊತೆ ಸ್ಟೆರಾಯ್ಡೂ ಇತ್ತು. ಸ್ಟೆರಾಯ್ಡ್ ಕೆಂಪು ಅಳಿಸುತ್ತದೆ, ಶಿಲೀಂಧ್ರಕ್ಕೆ ಹುಲ್ಲು ಹಾಕುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮು ಚೀಟಿ ಇಲ್ಲದೆ ಮಾರಬಾರದು ಎಂದಿತು. ಅದನ್ನು ಓದಿ ನಕ್ಕಿದ್ದೆ, ಯಾಕೆ ಅಂತ ಕೇಳಬೇಡಿ.

ಶುಗರ್ ಚರ್ಮಕ್ಕೆ ಮಾಡುವ ಕೇಡೆಲ್ಲ ಉರಿಯೂತದ ದಾರಿಯಲ್ಲೇ ಬರುವುದೂ ಇಲ್ಲ. ನಮ್ಮ ದೊಡ್ಡಪ್ಪ ಅಡಿಕೆ ಬೇಯಿಸುವ ಒಲೆ ಮುಂದೆ ನಿಂತಿದ್ದರು. ಏನೋ ಸುಟ್ಟ ವಾಸನೆ. ಹಂಡೆ ತಳ ಹಿಡಿಯಿತಾ ಅಂತ ಎಲ್ಲರೂ ನೋಡುತ್ತಿದ್ದೆವು. ಸುಡುತ್ತಿದ್ದದ್ದು ಅವರ ಚಪ್ಪಲಿ, ಕೆಂಡ ಮೆಟ್ಟಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ. ಹತ್ತು ವರ್ಷದ ಶುಗರ್ ಪಾದದ ನರಗಳನ್ನು ಮಂಕು ಮಾಡಿತ್ತು. ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಗದ್ದೆಯಿಂದ ಬಂದ ಮೇಲೆ ಬೆರಳ ಸಂದಿ ಒರೆಸಿ, ಪಾದದ ಅಡಿ ಬೆಳಕಿಗೆ ಹಿಡಿದು ನೋಡಿ. ಬಗ್ಗಲು ಆಗದಿದ್ದರೆ ಮಗಳಿಗೆ ಹೇಳಿ.

ಮಗಳ ಕತ್ತು. ತಿಕ್ಕುವುದನ್ನು ಇವತ್ತೇ ನಿಲ್ಲಿಸಿ, ಅದು ಕೊಳೆ ಅಲ್ಲ. ಮೆತ್ತಗೆ, ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ, ಕಂಕುಳಲ್ಲೂ ಹಾಗೇ ಇದ್ದರೆ, ಮೈಯಲ್ಲಿ ಇನ್ಸುಲಿನ್ ಅಗತ್ಯಕ್ಕಿಂತ ಜಾಸ್ತಿ ಓಡಾಡುತ್ತಿರುವ ಸೂಚನೆ ಇರಬಹುದು. ಆ ಹೆಚ್ಚಿನ ಇನ್ಸುಲಿನ್ ಚರ್ಮದ ಕಣಗಳಿಗೆ 'ಬೆಳೆಯಿರಿ' ಅನ್ನುತ್ತದೆ. ನಿಮ್ಮ ಸೋರಿಯಾಸಿಸ್ ಅವಳಿಗೆ ಬಂದದ್ದಲ್ಲ. ಶುಗರ್ ಬಂದೇ ಬಿಟ್ಟಿದೆ ಅಂತಲೂ ಅಲ್ಲ, ಮುಂದೆ ಬರದಂತೆ ನೋಡಿಕೊಳ್ಳಲು ಸಮಯ ಇದೆ. ರಕ್ತ ಪರೀಕ್ಷೆ ಮಾಡಿಸಿ. ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತಲೂ ಡಾಕ್ಟರಿಗೆ ಹೇಳಿ. ತೂಕ ಇಳಿದರೆ ಕಪ್ಪೂ ತಿಳಿಯಾಗುವುದುಂಟು.

ಚೀಟಿಗಳಲ್ಲಿ ಒಂದು ಕಣ್ಣಿಗೆ ಬಿತ್ತು. ಚರ್ಮದ್ದು ಒಂದು ಊರಿನದು, ಶುಗರ್‌ದು ಇನ್ನೊಂದು ಊರಿನದು. ಒಬ್ಬರ ಚೀಟಿ ಇನ್ನೊಬ್ಬರು ನೋಡಿದ ಗುರುತಿಲ್ಲ. ಸೋರಿಯಾಸಿಸ್‌ಗೆ ಕೊಟ್ಟಿರುವ ನಿಮ್ಮ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತಿನ್ನುವ ಮಾತ್ರೆ. ಮರೆತು ದಿನಾ ತಿಂದರೆ ಪ್ರಾಣಕ್ಕೆ ಅಪಾಯ, ಕ್ಯಾಲೆಂಡರಿನಲ್ಲಿ ಮಾತ್ರೆ ತಿನ್ನುವ ಆ ಒಂದು ದಿನಕ್ಕೆ ಸುತ್ತು ಹಾಕಿಡಿ. ಶುಗರ್, ದಪ್ಪ ಮೈ ಇರುವವರ ಪಿತ್ತಜನಕಾಂಗಕ್ಕೆ ಅದು ಹೆಚ್ಚು ಹೊರೆ. ಅದಕ್ಕೇ ಲಿವರ್ ಪರೀಕ್ಷೆ ತಪ್ಪಿಸಬಾರದು. ಎರಡೂ ಚೀಟಿ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಯಾರ ಹತ್ತಿರ ಹೋದರೂ ಇಡೀ ಕವರ್ ಮೇಜಿನ ಮೇಲೆ ಇಡಿ. ಮಾತ್ರೆ ಜಾಸ್ತಿ ಆಯ್ತು ಅನ್ನಿಸಿದರೆ ಅವರನ್ನೇ ಕೇಳಿ, ನೀವಾಗಿ ಬಿಡಬೇಡಿ.

ಇನ್ನು ಜೋನಿಬೆಲ್ಲ. ಹೇಳಲು ಮನಸ್ಸಿಲ್ಲ, ನನಗೂ ದೋಸೆ ಜೊತೆ ಅದೇ ಬೇಕು. ಆದರೆ ರಕ್ತಕ್ಕೆ ಬೆಲ್ಲ ಬೇರೆ, ಸಕ್ಕರೆ ಬೇರೆ ಅಲ್ಲ. ಕಾಫಿಗೆ ಎರಡನ್ನೂ ಬಿಡಿ. ಮೊದಲ ವಾರ ಕಷಾಯದ ಹಾಗಿರುತ್ತದೆ, ಎರಡನೇ ವಾರಕ್ಕೆ ಕಾಫಿಪುಡಿಯ ರುಚಿ ಗೊತ್ತಾಗುತ್ತದೆ.