ಬ್ರ್ಯಾಂಡ್ ಬದಲಿಸಿದರೆ ಫೋಟೋ ಸುಧಾರಿಸುತ್ತದೆಯೇ?

ಪ್ರಶ್ನೆ: ನನ್ನ ಕ್ಯಾಮೆರಾಗೆ ಜೊತೆಯಲ್ಲೇ ಬಂದ 18–55 ಮಿ.ಮೀ. ಲೆನ್ಸ್ ಇದೆ. ಹಗಲು ಹೊರಗೆ ತೆಗೆದ ಫೋಟೋ ಚೆನ್ನಾಗಿ ಬರುತ್ತದೆ. ರಾತ್ರಿ ಮನೆಯೊಳಗೆ ಮಕ್ಕಳ ಫೋಟೋ ತೆಗೆದರೆ ಅಲುಗಿರುತ್ತದೆ, ಕಾಳುಕಾಳಾಗಿ ಕಾಣುತ್ತದೆ. ಬೇರೆ ಕಂಪನಿಯ ಕ್ಯಾಮೆರಾ ಇರುವ ಗೆಳೆಯನಿಗೆ ಈ ತೊಂದರೆಯಿಲ್ಲ. ನಾನೂ ಬ್ರ್ಯಾಂಡ್ ಬದಲಿಸಲೇ?

ಉತ್ತರ: ಬೇಡ. ಹಗಲಲ್ಲಿ ಚೆನ್ನಾಗಿ ಬರುತ್ತದೆ ಎಂದ ಮೇಲೆ ಕ್ಯಾಮೆರಾ ಸರಿಯಾಗಿಯೇ ಇದೆ, ಸಾಲದಿರುವುದು ಬೆಳಕು. ಆ ಲೆನ್ಸನ್ನು 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಕಿರಿದಾದಷ್ಟೂ ಕಿಂಡಿ ದೊಡ್ಡದು) ಸಾಮಾನ್ಯವಾಗಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಮಿ.ಮೀ. ಎಫ್/1.8 ಲೆನ್ಸ್ ಅದರ ಸುಮಾರು 10 ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದೇ ಐಎಸ್‌ಒದಲ್ಲಿ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಎನ್ನುವ ಅಂಕಿ) ಷಟರ್ 1/25 ಸೆಕೆಂಡ್ ತೆರೆದಿರಬೇಕಿದ್ದ ಕಡೆ 1/250 ಸಾಕಾಗುತ್ತದೆ. ಓಡಾಡುವ ಮಗು 1/25ರಲ್ಲಿ ಅಲುಗದೆ ಸಿಗುವುದಿಲ್ಲ, ಕ್ಯಾಮೆರಾ ಮೇಲೆ ಯಾರ ಹೆಸರಿದ್ದರೂ ಅಷ್ಟೆ. ಸ್ಟೆಬಿಲೈಸೇಷನ್ ನಿಮ್ಮ ಕೈನಡುಕವನ್ನು ತಡೆದೀತು, ಮಗುವಿನ ಓಟವನ್ನಲ್ಲ.

ಒಂದು ಎಚ್ಚರಿಕೆ: ಎಫ್/1.8ರಲ್ಲಿ 2 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ 10–12 ಸೆಂ.ಮೀ. ಮಾತ್ರ. ಮೂಗಿಗೆ ಫೋಕಸ್ ಆದರೆ ಕಿವಿ ಮಸುಕು. ಒಂದೇ ಫೋಕಸ್ ಪಾಯಿಂಟ್ ಆರಿಸಿ ಕಣ್ಣಿನ ಮೇಲಿಡಿ. ಇಬ್ಬರು ಮಕ್ಕಳಿದ್ದರೆ ಎಫ್/2.8ಕ್ಕೆ ಬನ್ನಿ, ಐಎಸ್‌ಒ ಏರಿಸಿ.

ಗೆಳೆಯನದು ಫುಲ್‌ಫ್ರೇಮ್ ಇರಬಹುದು, ವಿಚಾರಿಸಿ. ಅದರ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) 36×24 ಮಿ.ಮೀ.; ನಿಮ್ಮದರಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6. ವಿಸ್ತೀರ್ಣ ಎರಡು ಪಟ್ಟಿಗೂ ಹೆಚ್ಚಾದ್ದರಿಂದ ಕಾಳು ಕಡಿಮೆ ಕಾಣುತ್ತದೆ. ಇದು ಅಳತೆಯ ಗುಣ, ಕಂಪನಿಯದಲ್ಲ. ಅಷ್ಟಕ್ಕೂ ನಿಕಾನ್‌ನ ಎಷ್ಟೋ ಕ್ಯಾಮೆರಾಗಳ ಒಳಗಿರುವ ಸೆನ್ಸರ್ ತಯಾರಿಸಿದ್ದು ಸೋನಿ!

ಪ್ರಶ್ನೆ: ಹಾಗಾದರೆ ಒಂದೊಂದು ಕಂಪನಿಯ ಬಣ್ಣ ಒಂದೊಂದು ಥರ ಕಾಣುವುದೇಕೆ?

ಉತ್ತರ: ಕ್ಯಾಮೆರಾ ಜೆಪೆಗ್ ಮಾಡುವಾಗಲೇ ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ತಿದ್ದುತ್ತದೆ. ಆ ತಿದ್ದುವಿಕೆಯಲ್ಲಿ ಕಂಪನಿಗೊಂದು ರುಚಿ. ಎರಡೂ ಕ್ಯಾಮೆರಾದಲ್ಲಿ ರಾ ಫೈಲ್ (ತಿದ್ದದ ಮೂಲ ದತ್ತಾಂಶ) ತೆಗೆದು, ಒಂದೇ ತಂತ್ರಾಂಶದಲ್ಲಿ ತೆರೆದು, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಮಾಡುವ ಹೊಂದಾಣಿಕೆ) ಸಮ ಮಾಡಿ ನೋಡಿ. ವ್ಯತ್ಯಾಸ ಬಹುಪಾಲು ಇಳಿಯುತ್ತದೆ.

ಬ್ರ್ಯಾಂಡ್ ನಿಜಕ್ಕೂ ಕಾಡುವುದು ಲೆನ್ಸ್ ಕೊಳ್ಳುವಾಗ. ಒಂದು ಕಂಪನಿಯ ಮೌಂಟ್‌ಗೆ (ಲೆನ್ಸ್ ಕೂರಿಸುವ ಬಾಯಿಗೆ) ಮಾಡಿದ ಲೆನ್ಸ್ ಇನ್ನೊಂದಕ್ಕೆ ಸಾಮಾನ್ಯವಾಗಿ ನೇರವಾಗಿ ಕೂರುವುದಿಲ್ಲ. ಅದೇ ಕಂಪನಿಯ ಲೆನ್ಸ್ ಕೂತರೂ ಎಲ್ಲ ಕೆಲಸ ಮಾಡುತ್ತದೆ ಎಂದಿಲ್ಲ: ನಿಕಾನ್ ಡಿ3500, ಡಿ5600 ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ತನ್ನೊಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ 50 ಮಿ.ಮೀ. ಲೆನ್ಸ್ ಹಾಕಿದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಈ ಬಾಡಿಗಳಿಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಲೆನ್ಸ್ ಮೇಲೆ ಎಎಫ್-ಎಸ್ (ಒಳಗೇ ಮೋಟಾರ್ ಇದೆ ಎಂಬ ಗುರುತು) ಎಂದಿದೆಯೇ ಎಂದು ಮೊದಲು ನೋಡಿ.