ಇಂಗ್ಲಿಷ್ ಬಾಯಿಪಾಠ ಬರುತ್ತೆ, ಮಾತು ಬರಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ಪದ್ಯ ಪಟಪಟ ಒಪ್ಪಿಸುತ್ತಾರೆ. ಟೆನ್ಸ್ ಎಲ್ಲ ಬಾಯಿಪಾಠ. ಆದರೆ ಬೆಳಿಗ್ಗೆ ಏನು ತಿಂದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ತಲೆ ತಗ್ಗಿಸುತ್ತಾರೆ. ತಪ್ಪು ತಿದ್ದಿ ತಿದ್ದಿ ಸಾಕಾಗಿದೆ. ಹೇಗೆ ಕಲಿಸಲಿ?
— ಶಿಕ್ಷಕಿ, ಮದ್ದೂರು ತಾಲ್ಲೂಕು

ಉತ್ತರ: ನಿಮ್ಮ ಮಕ್ಕಳು ದಡ್ಡರಲ್ಲ, ನಿಮ್ಮ ಶ್ರಮವೂ ಕಡಿಮೆಯಿಲ್ಲ. ಆ ತರಗತಿಯಲ್ಲಿ ಇಂಗ್ಲಿಷಿನಿಂದ ಯಾವ ಕೆಲಸವೂ ಆಗಬೇಕಾಗಿಲ್ಲ. ತೊಂದರೆ ಇರುವುದು ಅಲ್ಲಿ. ಪದ್ಯ ಒಪ್ಪಿಸುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಲೇಬೇಕು ಅಂತೇನಿಲ್ಲ, ಅಲ್ವಾ?

ಭಾಷಾ ಶಿಕ್ಷಣ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಬೇರೆ ದಾರಿ ಹಿಡಿದರು. ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರು. ಮೊದಲು ಗ್ರಾಮರ್ ಹೇಳಿಕೊಡುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳುತ್ತಿದ್ದರು. ಮನಸ್ಸು ಅರ್ಥದ ಮೇಲೆ ಇದ್ದಾಗ ಭಾಷೆಯ ಕಟ್ಟು ಒಳಗೊಳಗೇ ಕೂಡಿಕೊಳ್ಳುತ್ತದೆ ಅನ್ನುವುದು ಅವರ ವಿಚಾರ. ಇವತ್ತು ಹೊರದೇಶಗಳಲ್ಲೂ ಭಾಷಾ ಶಿಕ್ಷಕರಿಗೆ ಇದನ್ನು ಪಾಠ ಮಾಡುತ್ತಾರೆ. ನಮ್ಮ ನೆಲದಲ್ಲೇ ಬೆಳೆದ ಈ ಕೆಲಸ ನಮ್ಮ ಹಳ್ಳಿ ಶಾಲೆಗಳಿಗೆ ತಲುಪಿಲ್ಲವಲ್ಲ ಅಂತ ನನಗೆ ನಿಜಕ್ಕೂ ಸಂಕಟ.

ನಾನು ಮಂಡ್ಯದ ಕಡೆ ಶಾಲೆಗಳಲ್ಲಿ ಮಾಡಿಸುತ್ತಿದ್ದ ಒಂದು ಪಾಠ ಹೇಳುತ್ತೇನೆ. ಬೋರ್ಡಿನ ಮೇಲೆ ಮಂಡ್ಯದಿಂದ ಮೇಲುಕೋಟೆಗೆ ಹೋಗುವ ಮೂರು ಬಸ್ಸಿನ ಹೊತ್ತು ಬರೆಯಿರಿ: 8:15, 9:40, 11:30. ಇದು ಸುಮ್ನೆ ಪಾಠಕ್ಕೆ ಅಂತ ಮಾಡಿಕೊಂಡ ಪಟ್ಟಿ. ಪ್ರಯಾಣಕ್ಕೆ ಒಂದೂಕಾಲು ಗಂಟೆ ಅಂತ ಇಟ್ಟುಕೊಳ್ಳಿ. ಆಮೇಲೆ ಇಂಗ್ಲಿಷಿನಲ್ಲೇ ಹೇಳಿ: ಅಜ್ಜಿ ಬೆಟ್ಟದ ಮೇಲಿನ ನರಸಿಂಹಸ್ವಾಮಿ ಗುಡಿಯಲ್ಲಿ ಹನ್ನೊಂದು ಗಂಟೆಯ ಪೂಜೆಗೆ ಇರಬೇಕು. ‘ವಿಚ್ ಬಸ್ ಶುಡ್ ಷಿ ಟೇಕ್?’ ಮೊದಲು ಅರ್ಧ ತರಗತಿ ‘ನೈನ್ ಫಾರ್ಟಿ’ ಅಂತ ಕೂಗುತ್ತದೆ. 10:55ಕ್ಕೆ ತಲುಪುತ್ತದಲ್ಲ, ಲೆಕ್ಕ ಸರಿ. ನೀವು ಏನೂ ಹೇಳಬೇಡಿ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, ‘ನೋ ಮಿಸ್, ಸ್ಟೆಪ್ಸ್! ಅಜ್ಜಿ ಸ್ಲೋ!’ ಅನ್ನುತ್ತಾಳೆ. ಅವಳ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಒಂದು ವಾದ ಮಂಡಿಸಿ ಗೆದ್ದಿದ್ದಾಳೆ. ನೀವು ಸಹಜವಾಗಿ ‘ಯೆಸ್, ಅಜ್ಜಿ ಈಸ್ ಸ್ಲೋ, ಸೋ ಷಿ ಶುಡ್ ಟೇಕ್ ದಿ ಏಟ್ ಫಿಫ್ಟೀನ್’ ಅನ್ನಿ. ಮುಂದಿನ ಬಾರಿ ಇದೇ ಥರದ ಇನ್ನೊಂದು ಲೆಕ್ಕವನ್ನು ಅವರೇ ಒಬ್ಬೊಬ್ಬರಾಗಿ ಬಿಡಿಸಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದು ಮಾತು ಕನ್ನಡದಲ್ಲಿ ಹೇಳಿ. ಅದರಿಂದ ಇಂಗ್ಲಿಷ್ ಕೆಡುವುದಿಲ್ಲ.

ಇನ್ನು ತಪ್ಪು ತಿದ್ದುವುದು. ಎಲ್ಲವನ್ನೂ ತಿದ್ದಬೇಡಿ. ವಾರಕ್ಕೆ ಒಂದೇ ವಿಷಯ ಹಿಡಿಯಿರಿ, ಉದಾಹರಣೆಗೆ ಆಗಿಹೋದ ಕೆಲಸ ಹೇಳುವ ಕ್ರಿಯಾಪದ. ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಮಕ್ಕಳ ತರಗತಿಗಳನ್ನು ಲಿಸ್ಟರ್ ಮತ್ತು ರಾಂಟಾ ಎಂಬ ಸಂಶೋಧಕರು ಗಮನಿಸಿ 1997ರಲ್ಲಿ ಪ್ರಕಟಿಸಿದರು. ಟೀಚರುಗಳು ಅರ್ಧಕ್ಕಿಂತ ಜಾಸ್ತಿ ಸಲ ಸರಿಯಾದ ರೂಪವನ್ನು ತಾವೇ ಹೇಳಿಬಿಡುತ್ತಿದ್ದರು. ಹಾಗೆ ಹೇಳಿದಾಗ ಮಕ್ಕಳು ತಮ್ಮ ಮಾತನ್ನು ತಿದ್ದಿಕೊಂಡಿದ್ದು ಬಹಳ ಕಡಿಮೆ. ಸುಳಿವು ಕೊಟ್ಟು ನಿಲ್ಲಿಸಿದಾಗ ತಾವೇ ತಿದ್ದಿಕೊಂಡಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಆ ವಾರ ಹುಡುಗ ‘ಯೆಸ್ಟರ್‌ಡೇ ಐ ಗೋ ಟು ಸಂತೆ’ ಅಂದರೆ, ನೀವು ‘ಯೆಸ್ಟರ್‌ಡೇ ಐ...’ ಅಂತ ಹೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಮೂರು ಎಣಿಸುವಷ್ಟು ಹೊತ್ತು ಕಾಯಿರಿ. ಆ ಮೌನ ನಿಮಗೆ ಕಷ್ಟ, ಮಗುವಿಗೆ ಅದೇ ಬೇಕಾಗಿರುವುದು.

ಪರೀಕ್ಷೆ ಗತಿ ಏನು ಅಂತ ನೀವು ಕೇಳೇ ಕೇಳುತ್ತೀರಿ. 1980ರ ಸುಮಾರಿಗೆ ಫಿಜಿಯ ಹಳ್ಳಿ ಶಾಲೆಗಳಲ್ಲಿ ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಾಂಗುಭಾಯ್ ಎಂಬಿಬ್ಬರು ಸಂಶೋಧಕರು ನಾಲ್ಕು, ಐದನೇ ತರಗತಿಗೆ 250 ಇಂಗ್ಲಿಷ್ ಕಥೆಪುಸ್ತಕ ಕೊಟ್ಟು ದಿನಾ ಓದಿಸಿದರು. ಮೊದಲು ಓದು, ಕೇಳಿ ತಿಳಿಯುವುದು ಚುರುಕಾಯಿತು. ಎರಡನೇ ವರ್ಷ ಬರವಣಿಗೆ, ವ್ಯಾಕರಣದಲ್ಲೂ ಮಕ್ಕಳು ಮುಂದೆ ಬಂದರು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಕಥೆಗಳು ಪುಕ್ಕಟೆ ಸಿಗುತ್ತವೆ. ದಿನಾ ಹತ್ತು ನಿಮಿಷ ನೀವೇ ದನಿ ಏರಿಳಿಸಿ ಓದಿ ಹೇಳಿ. ಗ್ರಾಮರ್‌ಗೆ ವಾರಕ್ಕೆ ಒಂದು ಪೀರಿಯಡ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ.

ಪ್ರಶ್ನೆ: ಮಗಳು ಯುಕೆಜಿ. ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷೇ ಮಾತಾಡಿ ಅಂತ ಸ್ಕೂಲಿನಲ್ಲಿ ಹೇಳಿದ್ದಾರೆ. ಹಾಗೆ ಮಾಡಬೇಕಾ?
— ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಬೇಡಮ್ಮ. ಒಂದು ಭಾಷೆಯಲ್ಲಿ ಯೋಚಿಸಲು, ಓದಲು ಕಲಿತದ್ದು ಇನ್ನೊಂದಕ್ಕೂ ಒದಗುತ್ತದೆ ಅಂತ ಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಆಟದ ಬಯಲಿನ ಇಂಗ್ಲಿಷ್ ಎರಡು ವರ್ಷದಲ್ಲಿ ಬಂದುಬಿಡಬಹುದು. ಪಾಠಪುಸ್ತಕದ ಇಂಗ್ಲಿಷ್ ಕೈಗೆ ಹತ್ತಲು ಐದರಿಂದ ಏಳು ವರ್ಷ ಬೇಕು ಅನ್ನುವುದೂ ಅವರ ಮಾತೇ. ಅಷ್ಟು ದಿನ ಮಗಳು ಯೋಚಿಸದೆ ಕಾಯುತ್ತಾ ಕೂರಬೇಕೇ? ರಾತ್ರಿ ಕನ್ನಡದಲ್ಲಿ ಕಥೆ ಹೇಳಿ. ನರಿ ಯಾಕೆ ಸುಳ್ಳು ಹೇಳಿತು, ಮುಂದೇನಾಗಬಹುದು ಅಂತ ಕೇಳಿ. ಕಾರಣ ಕೊಡುವುದನ್ನು ಕನ್ನಡದಲ್ಲಿ ಕಲಿತ ಮಗು ಅದನ್ನು ಇಂಗ್ಲಿಷಿಗೂ ಒಯ್ಯುತ್ತದೆ. ಅದೂ ಅಲ್ಲದೆ ಅಜ್ಜಿ ತಾತನ ಜೊತೆ ಅವಳು ಯಾವ ಭಾಷೆಯಲ್ಲಿ ಮಾತಾಡಬೇಕು?

ಪ್ರಶ್ನೆ: ನಮ್ಮ ಪಕ್ಕದ ಮನೆಗೆ ಬಿಹಾರದಿಂದ ಬಂದವರೊಬ್ಬರಿಗೆ 47 ವರ್ಷ. ಕನ್ನಡ ಕಲಿಯುವ ಆಸೆ ಇದೆ, ಈ ವಯಸ್ಸಿನಲ್ಲಿ ಆಗಲ್ಲ ಅನ್ನುತ್ತಾರೆ. ನಿಜವೇ?
— ಹೂಟಗಳ್ಳಿಯ ಓದುಗರು

ಉತ್ತರ: ನಿಜವಲ್ಲ. ನೆದರ್ಲೆಂಡ್ಸ್‌ಗೆ ಹೋಗಿ ಡಚ್ ಕಲಿತ ಇಂಗ್ಲಿಷ್ ಮಾತಿನವರ ಬಗ್ಗೆ 1978ರಲ್ಲಿ ಒಂದು ಅಧ್ಯಯನ ಬಂತು. ಮೊದಲ ಕೆಲವು ತಿಂಗಳಲ್ಲಿ ಜೋರಾಗಿ ಮುಂದೆ ಹೋದವರು ಹದಿಹರೆಯದವರು ಮತ್ತು ದೊಡ್ಡವರು, ಪುಟ್ಟ ಮಕ್ಕಳಲ್ಲ. ಉಚ್ಚಾರಣೆಯಲ್ಲಿ ಮಕ್ಕಳು ಬರುಬರುತ್ತಾ ದಾಟಿ ಹೋಗುತ್ತಾರೆ, ಅಷ್ಟಕ್ಕೆ ಹೆದರಬೇಕಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಒಂದೇ ಅಂಗಡಿ ಗೊತ್ತು ಮಾಡಿಕೊಳ್ಳಲಿ. ಮನೆಯಿಂದ ಹೊರಡುವ ಮುಂಚೆ ಅವತ್ತಿಗೆ ಬೇಕಾದ ನಾಲ್ಕು ಮಾತು ನಿಮ್ಮ ಹತ್ತಿರ ಕೇಳಿಕೊಂಡು ಹೋಗಲಿ, ಎರಡು ದಿನ ಬಿಟ್ಟು ಮತ್ತೆ ಅದೇ ಮಾತು ಆಡಲಿ. ನಿಮ್ಮಿಂದ ಒಂದೇ ಸಹಾಯ ಬೇಕು. ಅವರು ತಡವರಿಸಿದಾಗ ನೀವು ಪಕ್ಕನೆ ಹಿಂದಿಗೆ ಹೋಗಬೇಡಿ.